ನೀರೊಳಗಿನ ಬೆವರು: ಪುರಾಣದ ಪ್ರಸಂಗವನ್ನು ಚಿತ್ರದಲ್ಲಿ, ಮಾತಿನಲ್ಲಿ ಬರೆಯುವುದು ಹೇಗೆ?

ಹುಬ್ಬಳ್ಳಿ, ಗದಗ, ಹಾವೇರಿಯ ಎಷ್ಟೋ ಮನೆಗಳಲ್ಲಿ ರಜೆ ಮುಗಿಯುವ ಹೊತ್ತಿಗೆ ಒಂದು ಪ್ರಾಜೆಕ್ಟ್ ಎದ್ದು ಕೂಡುತ್ತದೆ: ‘ಪುರಾಣದ ಒಂದು ಪ್ರಸಂಗ ಆರಿಸಿಕೊಳ್ಳಿ. ಅದರ ಚಿತ್ರ ಬರೆಯಿರಿ. ಚಿತ್ರವನ್ನು ಮುನ್ನೂರು ಪದಗಳಲ್ಲಿ ವರ್ಣಿಸಿ.’ ಮಕ್ಕಳು ಮೊಬೈಲಿನಲ್ಲಿ ಒಂದು ಚಿತ್ರ ಹುಡುಕಿ ನಕಲು ಮಾಡುತ್ತಾರೆ, ಅದರ ಕೆಳಗೆ ಕತೆಯನ್ನು ಸಂಕ್ಷಿಪ್ತವಾಗಿ ಬರೆದಿಡುತ್ತಾರೆ. ಚಿತ್ರಕಲಾ ಶಾಲೆಗೆ ಹೊಸದಾಗಿ ಸೇರಿದವರೂ ಮೊದಮೊದಲು ಮಾಡುವುದು ಇದನ್ನೇ. ಆದರೆ ಕೇಳಿರುವುದು ಕತೆಯ ಸಾರಾಂಶವಲ್ಲ, ವರ್ಣನೆ. ಇವೆರಡರ ನಡುವಿನ ವ್ಯತ್ಯಾಸ ಗೊತ್ತಾದರೆ ಚಿತ್ರವೂ ಸುಧಾರಿಸುತ್ತದೆ, ಬರಹವೂ ಸುಧಾರಿಸುತ್ತದೆ.

ಕನ್ನಡದಲ್ಲಿ ಚಿತ್ರವನ್ನೂ ‘ಬರೆಯುತ್ತೇವೆ’, ಕತೆಯನ್ನೂ ‘ಬರೆಯುತ್ತೇವೆ’. ಎರಡಕ್ಕೂ ಕ್ರಿಯಾಪದ ಒಂದೇ. ಒಳ್ಳೆಯ ವರ್ಣನೆಗೆ ನಮ್ಮಲ್ಲಿರುವ ಮೆಚ್ಚುಗೆಯ ಮಾತು ‘ಕಣ್ಣಿಗೆ ಕಟ್ಟಿದಂತಿದೆ’ ಎಂಬುದು; ಮಾತಿನ ಕೆಲಸವನ್ನು ಕಣ್ಣಿನಿಂದ ಅಳೆಯುವ ನುಡಿ ಅದು. ಹಾಗಿದ್ದರೂ ಕುಂಚಕ್ಕೆ ಆಗುವುದೆಲ್ಲ ಮಾತಿಗೆ ಆಗುವುದಿಲ್ಲ, ಮಾತಿಗೆ ಆಗುವುದೆಲ್ಲ ಕುಂಚಕ್ಕೆ ಆಗುವುದಿಲ್ಲ. ಈ ಲೇಖನ ಹಿಡಿದು ಹೋಗುವುದು ಆ ಗೆರೆಯನ್ನೇ.

ಮೊದಲು ಕೆಲವು ಪದಗಳು

ದಿನಬಳಕೆಯಲ್ಲಿ ದೇವರು, ರಾಕ್ಷಸರು, ವೀರರು ಬರುವ ಹಳೆಯ ಕತೆಗಳನ್ನೆಲ್ಲ ಪುರಾಣ ಎನ್ನುತ್ತೇವೆ. ಪರಂಪರೆಯ ಪ್ರಕಾರ ರಾಮಾಯಣ, ಮಹಾಭಾರತಗಳು ‘ಇತಿಹಾಸ’. ಭಾಗವತ, ಶಿವಪುರಾಣ, ವಿಷ್ಣುಪುರಾಣದಂಥವು ‘ಪುರಾಣ’. ಇವುಗಳಿಂದ ಎಳೆ ಹಿಡಿದು ಪಂಪ, ರನ್ನ, ಕುಮಾರವ್ಯಾಸರು ನೆಯ್ದದ್ದು ‘ಕಾವ್ಯ’. ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ‘ಕ್ಲಾಸಿಕಲ್ ಮಿಥಾಲಜಿ’ ಎಂದಿದ್ದರೆ ಅದು ಗ್ರೀಕ್ ಮತ್ತು ರೋಮನ್ ಪುರಾಣ. ಝೀಯಸ್, ಅಥೀನಾ, ಇಕಾರಸ್ ಬರುವುದು ಅಲ್ಲಿ. ಒಂದೇ ದೇವತೆಗೆ ಗ್ರೀಕರಲ್ಲಿ ಒಂದು ಹೆಸರು, ರೋಮನರಲ್ಲಿ ಇನ್ನೊಂದು: ಝೀಯಸ್ ಅಂದರೆ ಜುಪಿಟರ್, ಪೊಸೈಡನ್ ಅಂದರೆ ನೆಪ್ಚೂನ್, ಅಫ್ರೊಡೈಟಿ ಅಂದರೆ ವೀನಸ್. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಿದರೆ ಓದುವವರಿಗೆ ಇಬ್ಬರು ದೇವತೆಗಳಿದ್ದಾರೆ ಅನ್ನಿಸುತ್ತದೆ.

ಕಣ್ಣಿಗೆ ಕಟ್ಟುವಂತೆ ಮಾತಿನಲ್ಲಿ ಚಿತ್ರಿಸುವುದನ್ನು ಗ್ರೀಕರು ‘ಎಕ್‌ಫ್ರಾಸಿಸ್’ ಎಂದರು. ಭಾಷಣಕಲೆ ಕಲಿಯುವ ಹುಡುಗರಿಗೆ ಅದು ಪಾಠದ ಭಾಗವೇ ಆಗಿತ್ತು. ಹೋಮರನ ‘ಇಲಿಯಡ್’ ಕಾವ್ಯದ 18ನೆಯ ಪುಸ್ತಕದಲ್ಲಿ ಅಕಿಲಿಸ್‌ನ ಗುರಾಣಿಯ ವರ್ಣನೆಯಿದೆ. ಉಳುವವರು, ಕೊಯ್ಲು ಮಾಡುವವರು, ದ್ರಾಕ್ಷಿ ಬಿಡಿಸುವವರು, ಕುಣಿಯುವವರು ಎಲ್ಲರೂ ಒಂದು ಗುರಾಣಿಯ ಮೇಲೆ ಮೂಡಿ ಬರುತ್ತಾರೆ. ನಮ್ಮ ಕಾವ್ಯಶಾಸ್ತ್ರದಲ್ಲಿ ಇದಕ್ಕೆ ಸಮೀಪವಾದದ್ದು ಮಹಾಕಾವ್ಯದ ಹದಿನೆಂಟು ವರ್ಣನೆಗಳು: ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ ಇತ್ಯಾದಿ. ಅಂದರೆ ವರ್ಣನೆ ಕತೆಗೆ ಹಚ್ಚುವ ಬಣ್ಣವಲ್ಲ, ತನ್ನದೇ ನಿಯಮಗಳಿರುವ ಒಂದು ಕಸುಬು.

ಚಿತ್ರಕ್ಕೆ ಒಂದೇ ಗಳಿಗೆ

ಈ ಸೀಮೆಯವರಿಗೆ ಹತ್ತಿರದ ಒಂದು ಪ್ರಸಂಗ ತೆಗೆದುಕೊಳ್ಳೋಣ. ಮುಧೋಳದ ಕಡೆಯ ಕವಿ ರನ್ನ. ಅವನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ 1007ರಲ್ಲಿ ಗದಗ ಹತ್ತಿರದ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ರನ್ನನ ‘ಗದಾಯುದ್ಧ’ದಲ್ಲಿ ಎಲ್ಲ ಕಳೆದುಕೊಂಡ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಅಡಗಿರುತ್ತಾನೆ. ವ್ಯಾಸಭಾರತದಲ್ಲಿ ಇದೇ ಸರೋವರದ ಹೆಸರು ದ್ವೈಪಾಯನ. ದಂಡೆಗೆ ಬಂದ ಭೀಮ ಗರ್ಜಿಸಿ ಕರೆಯುತ್ತಾನೆ. ಆ ಗರ್ಜನೆ ಕೇಳಿ ದುರ್ಯೋಧನ ನೀರಿನೊಳಗೆ ಇದ್ದೂ ಬೆವತ ಎನ್ನುತ್ತಾನೆ ರನ್ನ.

ಇದನ್ನು ಚಿತ್ರ ಮಾಡಲು ಕುಳಿತುಕೊಳ್ಳಿ. ಮೈಯೆಲ್ಲ ನೀರು. ಅದರ ಮೇಲೆ ಬೆವರಿನ ಹನಿ ಬರೆದರೆ ಅದೂ ನೀರಿನ ಹನಿಯೇ. ನೋಡುವವರಿಗೆ ಬೇರೆಯಾಗಿ ಕಾಣುವುದಿಲ್ಲ. ಕವಿಗೆ ಎರಡೇ ಪದಗಳಲ್ಲಿ ಆದದ್ದು ಚಿತ್ರಕಾರನಿಗೆ ಎಷ್ಟು ಬಣ್ಣ ಕಲಸಿದರೂ ಆಗುವುದಿಲ್ಲ. ಮಾತು ಒಂದಾದ ಮೇಲೆ ಒಂದು ಬರುತ್ತದೆ, ಕಾಲದಲ್ಲಿ ಹರಿಯುತ್ತದೆ, ಚರ್ಮದೊಳಗಿನ ಉರಿಯನ್ನೂ ಹೇಳುತ್ತದೆ. ಚಿತ್ರದಲ್ಲಿ ಎಲ್ಲವೂ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಹಾಳೆಯ ಮೇಲೆ ಜಾಗವಿದೆ, ಕಾಲವಿಲ್ಲ.

ಜರ್ಮನ್ ಲೇಖಕ ಲೆಸ್ಸಿಂಗ್ 1766ರಲ್ಲಿ ಇದೇ ವ್ಯತ್ಯಾಸವನ್ನು ಬಿಡಿಸಿ ಬರೆದ. ಅವನು ಹಿಡಿದ ಉದಾಹರಣೆ ಲಾವೊಕೂನ್ ಶಿಲ್ಪ. ಟ್ರಾಯ್ ನಗರದ ಪೂಜಾರಿ ಲಾವೊಕೂನ್ ಮತ್ತು ಅವನ ಇಬ್ಬರು ಮಕ್ಕಳನ್ನು ಸಮುದ್ರದ ಹಾವುಗಳು ಸುತ್ತಿಕೊಂಡಿವೆ. 1506ರಲ್ಲಿ ರೋಮ್‌ನಲ್ಲಿ ಮಣ್ಣಿನಡಿ ಸಿಕ್ಕ ಈ ಶಿಲ್ಪ ಈಗ ವ್ಯಾಟಿಕನ್‌ನಲ್ಲಿದೆ. ವರ್ಜಿಲ್ ಕವಿಯ ಕಾವ್ಯದಲ್ಲಿ ಲಾವೊಕೂನ್ ಪೆಟ್ಟು ತಿಂದ ಗೂಳಿಯಂತೆ ಅಬ್ಬರಿಸುತ್ತಾನೆ. ಶಿಲ್ಪದಲ್ಲಿ ಅವನ ಬಾಯಿ ಅರ್ಧ ಮಾತ್ರ ತೆರೆದಿದೆ. ಕಾವ್ಯದ ಅಬ್ಬರ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಕಲ್ಲಿನಲ್ಲಿ ಬಾಯಿ ಪೂರ್ತಿ ತೆರೆದರೆ ಅದು ಎಂದೆಂದಿಗೂ ತೆರೆದೇ ಇರುವ ಒಂದು ಗುಳಿ.

ಹಾಗಾಗಿ ಚಿತ್ರಕಾರ ಮೊದಲು ನಿರ್ಧರಿಸಬೇಕಾದದ್ದು ಬಣ್ಣವಲ್ಲ, ಗಳಿಗೆ. ಲೆಸ್ಸಿಂಗ್ ಹೇಳುವುದು ತುಂಬಿದ ಗಳಿಗೆಯನ್ನು ಆರಿಸಬೇಕು ಎಂದು. ಹಿಂದೆ ಆದದ್ದು ಅದರಲ್ಲಿ ಕಾಣಬೇಕು, ಮುಂದೆ ಆಗುವುದರ ಸುಳಿವು ಸಿಗಬೇಕು. ಸಾಮಾನ್ಯವಾಗಿ ಅದು ಘಟನೆಯ ತುದಿಯಲ್ಲ, ತುದಿಗೆ ಒಂದು ಹೆಜ್ಜೆ ಮುಂಚೆ. ಗದಾಯುದ್ಧದಲ್ಲಿ ತೊಡೆ ಮುರಿಯುವುದು ತುದಿ. ಅದನ್ನೇ ಬರೆದರೆ ನೋಡುವವರಿಗೆ ಊಹಿಸಲು ಏನೂ ಉಳಿಯುವುದಿಲ್ಲ. ದುರ್ಯೋಧನ ನೀರಿನಿಂದ ಎದೆಮಟ್ಟ ಎದ್ದ ಗಳಿಗೆಯಲ್ಲಿ ಅಡಗಿದ್ದೂ ಇದೆ, ಹೊರಬರುವುದೂ ಇದೆ, ಕಾಳಗವೂ ಕಾದಿದೆ.

ಒಂದಕ್ಕಿಂತ ಹೆಚ್ಚು ಗಳಿಗೆ ಬೇಕೇಬೇಕು ಅನ್ನುವವರಿಗೆ ಹಳೆಯ ದಾರಿ ಇನ್ನೊಂದಿದೆ. ಬಾದಾಮಿಯ ಎರಡನೆಯ ಗುಹೆಯ ತ್ರಿವಿಕ್ರಮನ ಫಲಕ ನೋಡಿ. ಕೆಳಗೆ ಕೊಡೆ ಹಿಡಿದ ಗಿಡ್ಡ ವಾಮನ, ಅದೇ ಕಲ್ಲಿನಲ್ಲಿ ಮೇಲೆ ಕಾಲೆತ್ತಿದ ತ್ರಿವಿಕ್ರಮ. ಒಬ್ಬನೇ ವ್ಯಕ್ತಿ ಎರಡು ಸಲ. ಶಿಲ್ಪಿ ಅವರ ನಡುವೆ ಗೆರೆ ಎಳೆದಿಲ್ಲ; ಗಾತ್ರದ ವ್ಯತ್ಯಾಸವೇ ‘ಆಮೇಲೆ’ ಅನ್ನುವ ಮಾತಿನ ಕೆಲಸ ಮಾಡುತ್ತದೆ. ಶಾಲೆಯ ಹಾಳೆಯ ಮೇಲೆ ಈ ತಂತ್ರ ಬಳಸುವುದಾದರೆ ಎರಡು ಗಳಿಗೆ ಸಾಕು. ಮೂರಕ್ಕೆ ಹೋದರೆ ಜಾತ್ರೆಯಾಗುತ್ತದೆ.

ಉಳುವವನು ತಲೆ ಎತ್ತಲಿಲ್ಲ

ಗ್ರೀಕ್ ಕತೆಯಲ್ಲಿ ಗಳಿಗೆಯ ಆಯ್ಕೆಗೆ ಒಳ್ಳೆಯ ಪಾಠ ಇಕಾರಸ್‌ನ ಚಿತ್ರ. ಕುಶಲಕರ್ಮಿ ಡೆಡಲಸ್ ಮೇಣ ಮತ್ತು ಗರಿಗಳಿಂದ ತನಗೂ ಮಗನಿಗೂ ರೆಕ್ಕೆ ಮಾಡುತ್ತಾನೆ. ಮಗ ಇಕಾರಸ್ ಸೂರ್ಯನ ಸಮೀಪ ಹಾರಿ, ಮೇಣ ಕರಗಿ, ಸಮುದ್ರಕ್ಕೆ ಬೀಳುತ್ತಾನೆ. ರೋಮನ್ ಕವಿ ಓವಿಡ್ ತನ್ನ ‘ಮೆಟಮಾರ್ಫೊಸೀಸ್’ನ 8ನೆಯ ಪುಸ್ತಕದಲ್ಲಿ ಇದನ್ನು ಹೇಳುವಾಗ, ಮೀನು ಹಿಡಿಯುವವನು, ಕುರಿ ಕಾಯುವವನು, ಉಳುವವನು ಹಾರುತ್ತಿದ್ದ ಇಬ್ಬರನ್ನೂ ಬೆರಗಾಗಿ ನೋಡಿದರು, ದೇವರೇ ಇರಬೇಕು ಅಂದುಕೊಂಡರು ಎನ್ನುತ್ತಾನೆ.

ಬ್ರಸೆಲ್ಸ್‌ನ ವಸ್ತುಸಂಗ್ರಹಾಲಯದಲ್ಲಿ ಚಿತ್ರಕಾರ ಬ್ರೂಗೆಲ್‌ನ ಹೆಸರಿನಲ್ಲಿ ಈ ಪ್ರಸಂಗದ ಚಿತ್ರವೊಂದಿದೆ. ಅದು ಅವನ ಮೂಲಚಿತ್ರದ ನಕಲು ಎಂಬುದು ಈಗ ಹಲವು ತಜ್ಞರ ಅಭಿಪ್ರಾಯ. ಅದರಲ್ಲಿ ಅದೇ ಮೂವರು ಇದ್ದಾರೆ, ಆದರೆ ಎಲ್ಲ ತಿರುಗುಮುರುಗು. ಕೆಂಪು ಅಂಗಿಯ ರೈತ ಮುಂದುಗಡೆ ದೊಡ್ಡದಾಗಿ, ತಲೆ ತಗ್ಗಿಸಿ ಉಳುತ್ತಿದ್ದಾನೆ. ಕುರಿಗಾಹಿ ಕೋಲಿಗೆ ಒರಗಿ ಬೇರೆ ಕಡೆ ಆಕಾಶ ನೋಡುತ್ತಿದ್ದಾನೆ. ಗಾಳ ಹಾಕಿದವನ ಗಮನ ನೀರಿನ ಮೇಲಿದೆ. ಇಕಾರಸ್ ಎಲ್ಲಿ? ಬಲಗಡೆ ಕೆಳಗೆ, ಹಡಗಿನ ಹತ್ತಿರ, ನೀರಿನಿಂದ ಮೇಲೆದ್ದ ಎರಡು ಪುಟ್ಟ ಕಾಲುಗಳು. ಅಷ್ಟೇ.

ಚಿತ್ರಕಾರ ಇಲ್ಲಿ ಓವಿಡ್‌ನ ಆ ಮೂವರನ್ನೂ ಉಳಿಸಿಕೊಂಡಿದ್ದಾನೆ, ಅವರ ನೋಟವನ್ನೂ ಗಾತ್ರವನ್ನೂ ಬದಲಿಸಿದ್ದಾನೆ. ನಾಯಕ ಚಿಕ್ಕವನಾದ, ಹೊಲ ದೊಡ್ಡದಾಯಿತು. ನವಲಗುಂದದ ಎರೆಹೊಲದಲ್ಲಿ ಹಿಂಗಾರಿಗೆ ರಂಟೆ ಹೊಡೆಯುವವರನ್ನು ಕಂಡವರಿಗೆ ಆ ಬಗ್ಗಿದ ತಲೆ ಅರ್ಥವಾಗುತ್ತದೆ: ಸಾಲು ಸೊಟ್ಟಗಾಗಬಾರದು, ಕಣ್ಣು ನೆಲದ ಮೇಲೇ ಇರಬೇಕು. ನಿಮ್ಮ ಚಿತ್ರದಲ್ಲೂ ಈ ಪ್ರಶ್ನೆ ಕೇಳಿಕೊಳ್ಳಬಹುದು. ದುರ್ಯೋಧನ ನೀರಿನಿಂದ ಏಳುವಾಗ ದಂಡೆಯ ಕೊಕ್ಕರೆ ಏನು ಮಾಡುತ್ತಿತ್ತು?

ಯಾರು ಯಾರೆಂದು ತಿಳಿಯುವುದು ಹೇಗೆ

ಪುರಾಣದ ಪಾತ್ರಗಳಿಗೆ ಭಾವಚಿತ್ರವಿಲ್ಲ, ಆದ್ದರಿಂದ ಗುರುತು ಕೈಯಲ್ಲಿರುವ ವಸ್ತುವಿನಿಂದ, ವಾಹನದಿಂದ, ಧ್ವಜದಿಂದ. ಭೀಮನಿಗೆ ಗದೆ, ಅರ್ಜುನನ ಧ್ವಜದಲ್ಲಿ ಹನುಮಂತ, ದುರ್ಯೋಧನನ ಧ್ವಜದಲ್ಲಿ ಹಾವು, ಅದಕ್ಕೇ ರನ್ನ ಅವನನ್ನು ಉರಗಪತಾಕ ಎಂದು ಕರೆದದ್ದು. ಗ್ರೀಕರಲ್ಲೂ ಹೀಗೆಯೇ. ಝೀಯಸ್‌ಗೆ ಸಿಡಿಲು ಮತ್ತು ಹದ್ದು, ಅಥೀನಾಗೆ ಶಿರಸ್ತ್ರಾಣ ಮತ್ತು ಗೂಬೆ, ಹರ್ಮಿಸ್‌ಗೆ ರೆಕ್ಕೆಯ ಪಾದರಕ್ಷೆ, ಹೆರಾಕ್ಲಿಸ್‌ಗೆ ಸಿಂಹದ ಚರ್ಮ. ನಮ್ಮ ಕಣ್ಣಿಗೆ ಮೋಸ ಮಾಡುವವನು ಪೊಸೈಡನ್. ಅವನ ಕೈಯಲ್ಲಿ ತ್ರಿಶೂಲವಿದೆ, ಆದರೆ ಅವನು ಸಮುದ್ರದ ದೇವರು. ಗೂಬೆಯೂ ಹಾಗೇ. ನಮ್ಮಲ್ಲಿ ಗೂಬೆ ಅಪಶಕುನ, ಅಲ್ಲಿ ಅದು ಜ್ಞಾನದ ಹಕ್ಕಿ. ವರ್ಣನೆ ಬರೆಯುವಾಗ ಒಂದು ವಸ್ತುವಿನ ಅರ್ಥ ಅದರ ಊರಿನಲ್ಲಿ ಏನಿತ್ತೋ ಅದನ್ನೇ ಹೇಳಬೇಕು.

ಮಕ್ಕಳ ಚಿತ್ರಗಳಲ್ಲಿ ಹೆಚ್ಚು ಕಾಣುವ ತಪ್ಪು ವೇಷದ್ದು. ನಮಗೆ ಮೂರು ಬೇರೆ ಬೇರೆ ಮೂಲಗಳಿವೆ. ಒಂದು ಲಕ್ಕುಂಡಿ, ಗದಗ, ಹಾನಗಲ್ಲಿನ ಚಾಲುಕ್ಯ ಗುಡಿಗಳ ಶಿಲ್ಪ: ಹೊಲಿದ ಬಟ್ಟೆ ಕಡಿಮೆ, ಆಭರಣ ಸೂಕ್ಷ್ಮ. ಎರಡು, ದೊಡ್ಡಾಟದ ವೇಷ: ಭುಜಕೀರ್ತಿ, ಎತ್ತರದ ಕಿರೀಟ, ಎದೆಗವಚ, ದಪ್ಪ ಮೀಸೆ. ಮೂರು, ರಾಜಾ ರವಿವರ್ಮನ ಕ್ಯಾಲೆಂಡರ್ ಚಿತ್ರಗಳ ಸೀರೆ ಮತ್ತು ಕುಪ್ಪಸ; ಅವನು 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಮುದ್ರಣಾಲಯದಿಂದ ಅವು ಮನೆಮನೆಯ ಗೋಡೆಗೆ ಬಂದವು. ಮೂರೂ ಸರಿ. ಒಂದೇ ಹಾಳೆಯಲ್ಲಿ ಭೀಮನಿಗೆ ದೊಡ್ಡಾಟದ ಕಿರೀಟ, ದ್ರೌಪದಿಗೆ ರವಿವರ್ಮನ ಸೀರೆ, ಕೃಷ್ಣನಿಗೆ ಟಿ.ವಿ. ಧಾರಾವಾಹಿಯ ರೇಷ್ಮೆ ಅಂಗಿ ತೊಡಿಸಿದರೆ ಆ ಮೂವರು ಒಂದೇ ದಂಡೆಯ ಮೇಲೆ ನಿಂತಂತೆ ಕಾಣುವುದಿಲ್ಲ. ಒಂದು ಮೂಲ ಹಿಡಿದು ಕೊನೆವರೆಗೂ ಬಿಡಬೇಡಿ. ಇನ್ನೊಂದು: ಕುರುಕ್ಷೇತ್ರದ ಕೃಷ್ಣನ ಕೈಗೆ ಕೊಳಲು ಕೊಡಬೇಡಿ. ಅಲ್ಲಿ ಅವನು ಸಾರಥಿ.

ಷಡಂಗ: ಆರು ಅಂಗಗಳು

ಕಾಮಸೂತ್ರಕ್ಕೆ ಯಶೋಧರ ಬರೆದ ವ್ಯಾಖ್ಯಾನದಲ್ಲಿ ಚಿತ್ರದ ಆರು ಅಂಗಗಳ ಪಟ್ಟಿಯಿದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಕೇಳಲು ಭಾರ; ಬಳಸಲು ಹಗುರ. ರೂಪಭೇದ ಎಂದರೆ ಒಂದು ಆಕಾರವನ್ನು ಇನ್ನೊಂದರಿಂದ ಬೇರೆಯಾಗಿ ಕಾಣಿಸುವುದು. ಭೀಮ, ದುರ್ಯೋಧನ ಇಬ್ಬರೂ ಗದಾಧಾರಿಗಳು, ಇಬ್ಬರೂ ಬಲಶಾಲಿಗಳು. ಇಬ್ಬರಿಗೂ ಒಂದೇ ಮೈಕಟ್ಟು ಬರೆದರೆ ರೂಪಭೇದ ಬಿದ್ದುಹೋಯಿತು. ಭೀಮನನ್ನು ಅಗಲವಾಗಿ, ಭಾರವೆಲ್ಲ ನೆಲದ ಮೇಲೆ ಬಿಟ್ಟವನಂತೆ ನಿಲ್ಲಿಸಿ. ದುರ್ಯೋಧನನನ್ನು ನೆಟ್ಟಗೆ, ಕತ್ತು ಬಿಗಿದು ನಿಲ್ಲಿಸಿ. ಕಪ್ಪು ನೆರಳಿನಂತೆ ತುಂಬಿದರೂ ಯಾರು ಯಾರೆಂದು ತಿಳಿಯಬೇಕು. ಅದೇ ಪರೀಕ್ಷೆ.

ಪ್ರಮಾಣಕ್ಕೆ ಶಿಲ್ಪಿಗಳ ಅಳತೆ ‘ತಾಲ’, ಅಂದರೆ ಕೂದಲಂಚಿನಿಂದ ಗದ್ದದವರೆಗಿನ ಮುಖದ ಉದ್ದ. ದೇವತೆ, ವೀರರಿಗೆ ಒಂಬತ್ತು ಅಥವಾ ಹತ್ತು ತಾಲ. ಎ-3 ಹಾಳೆ ಉದ್ದುದ್ದ ಸುಮಾರು ಹದಿನಾರೂವರೆ ಇಂಚು. ಅದನ್ನು ನಿಲ್ಲಿಸಿ ಹಿಡಿದು, ನಿಂತ ಆಕೃತಿಗೆ ಒಂಬತ್ತು ಇಂಚು ಕೊಟ್ಟರೆ ಮುಖ ಒಂದು ಇಂಚು. ಮಕ್ಕಳು ಮುಖವನ್ನೇ ಮೊದಲು, ಪ್ರೀತಿಯಿಂದ, ದೊಡ್ಡದಾಗಿ ಬರೆಯುತ್ತಾರೆ. ಆಮೇಲೆ ಕಾಲಿಗೆ ಹಾಳೆ ಸಾಲುವುದಿಲ್ಲ, ಮಹಾವೀರ ಕುಳ್ಳನಾಗುತ್ತಾನೆ. ಮೊದಲು ಒಂಬತ್ತು ಗುರುತು ಹಾಕಿ, ಆಮೇಲೆ ಮುಖಕ್ಕೆ ಬನ್ನಿ.

ಭಾವ ಕಣ್ಣಿನಲ್ಲಿ ಮಾತ್ರವಿಲ್ಲ, ಹೆಗಲಲ್ಲಿದೆ, ಬೆರಳ ಹಿಡಿತದಲ್ಲಿದೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಮಾರ್ಕಂಡೇಯ ಮುನಿ ವಜ್ರರಾಜನಿಗೆ ಹೇಳುವ ಮಾತಿನ ಸಾರ ಇದು: ನೃತ್ಯ ತಿಳಿಯದವನಿಗೆ ಚಿತ್ರ ತಿಳಿಯುವುದು ಕಷ್ಟ. ಆಕೃತಿ ಬರೆಯುವ ಮೊದಲು ನೀವೇ ಎದ್ದು ಆ ಭಂಗಿಯಲ್ಲಿ ನಿಂತು ನೋಡಿ. ಹೆಗಲ ಮೇಲೆ ಭಾರದ ಒನಕೆ ಇಟ್ಟುಕೊಂಡರೆ ಸೊಂಟ ಯಾವ ಕಡೆ ಹೋಗುತ್ತದೆ ಎಂಬುದು ಮೈಗೆ ತಿಳಿಯುತ್ತದೆ. ಲಾವಣ್ಯ, ಸಾದೃಶ್ಯಗಳು ಅಭ್ಯಾಸದಿಂದ ಬರುವವು. ವರ್ಣಿಕಾಭಂಗ ಬಣ್ಣದ ಹದ. ಅದಕ್ಕೆ ಸ್ವಲ್ಪ ವಿವರ ಬೇಕು.

ಹಾಳೆ, ಬಣ್ಣ, ನೀರು

ಮೊದಲು ದೊಡ್ಡ ಹಾಳೆ ಮುಟ್ಟಬೇಡಿ. ಎರಡು ಇಂಚು ಅಗಲ, ಮೂರು ಇಂಚು ಎತ್ತರದ ಆರು ಚೌಕಟ್ಟು ಹಾಕಿಕೊಂಡು, ಒಂದೊಂದಕ್ಕೆ ಐದು ನಿಮಿಷ ಕೊಟ್ಟು, ಅದೇ ಗಳಿಗೆಯನ್ನು ಆರು ರೀತಿ ಗೀಚಿ. ದುರ್ಯೋಧನ ಹತ್ತಿರ, ಭೀಮ ದೂರ. ಭೀಮನ ಬೆನ್ನು ಮಾತ್ರ ನಮಗೆ. ನೀರು ಮುಕ್ಕಾಲು ಹಾಳೆ. ಆಕಾಶ ಮುಕ್ಕಾಲು ಹಾಳೆ. ಮೊದಲಿನ ಎರಡು ಗೀಚುಗಳು ಸಾಮಾನ್ಯವಾಗಿ ನೋಡಿದ ಕ್ಯಾಲೆಂಡರಿನ ನೆನಪು. ನಾಲ್ಕನೆಯದರ ಮೇಲೆ ನಿಮ್ಮದು ಶುರುವಾಗುತ್ತದೆ. ಪೂರ್ತಿ ಬರೆಯುವ ಆಕೃತಿ ಮೂರಕ್ಕಿಂತ ಹೆಚ್ಚು ಬೇಡ. ಉಳಿದ ಪಾಂಡವರು ದಂಡೆಯ ಮೇಲೆ ನೆರಳುಗಳಾಗಿ ನಿಂತರೆ ಸಾಕು.

ಅಂಗಡಿಯ ಮಾಮೂಲಿ ಡ್ರಾಯಿಂಗ್ ಶೀಟ್ ತೆಳು, ನೀರು ತಗಲಿದರೆ ಅಲೆಯಲೆಯಾಗಿ ಏಳುತ್ತದೆ. ಸಾಧ್ಯವಾದರೆ ದಪ್ಪನೆಯ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ ತನ್ನಿ. ಇಲ್ಲವಾದರೆ ಇರುವ ಹಾಳೆಯ ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ರಟ್ಟಿಗೆ ಬಿಗಿದು, ಪೂರ್ತಿ ಒಣಗುವವರೆಗೂ ಬಿಚ್ಚಬೇಡಿ. ಕುಂಚ ಮೂರು ಸಾಕು: ದುಂಡನೆಯ 2, 6 ಮತ್ತು ಒಂದು ಇಂಚಿನ ಚಪ್ಪಟೆ.

ಪೋಸ್ಟರ್ ಬಣ್ಣದ ಹದವನ್ನು ಅಡುಗೆಮನೆಯ ಲೆಕ್ಕದಲ್ಲಿ ನೆನಪಿಡಬಹುದು. ಮೊದಲ ಪದರ ನೀರು ಮಜ್ಜಿಗೆಯಷ್ಟು ತೆಳು: ಆಕಾಶ, ಕೆರೆ, ದಂಡೆ ಎಲ್ಲಕ್ಕೂ ಒಮ್ಮೆಲೇ. ಎರಡನೆಯದು ಗಟ್ಟಿ ಮಜ್ಜಿಗೆ: ಆಕೃತಿಗಳ ಮೈ, ಬಟ್ಟೆ, ನೆರಳು. ಕೊನೆಯದು ಮೊಸರು: ಗದೆಯ ಹೊಳಪು, ಕಣ್ಣು, ಅಲೆಯ ಅಂಚು. ಮೊಸರಿಗಿಂತ ದಪ್ಪ ಹಚ್ಚಿದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ಪೋಸ್ಟರ್ ಬಣ್ಣ ಅಂಟಿನಲ್ಲಿ ಕಲಸಿದ್ದು, ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಎರಡನೆಯ ಪದರವನ್ನು ತಿಕ್ಕಿ ತಿಕ್ಕಿ ಹಚ್ಚಿದರೆ ಕೆಳಗಿನದು ಎದ್ದು ಬಂದು ರಾಡಿಯಾಗುತ್ತದೆ. ಒಂದೇ ಸಲ ಕುಂಚ ಎಳೆದು ಕೈ ತೆಗೆಯಬೇಕು. ಏಪ್ರಿಲ್‌ನಲ್ಲಿ ಬಣ್ಣ ತಟ್ಟೆಯಲ್ಲೇ ಒಣಗುತ್ತದೆ, ಆಕಾಶಕ್ಕೆ ಬೇಕಾದಷ್ಟನ್ನು ಮೊದಲೇ ಕಲಸಿಡಿ. ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ ಇದಕ್ಕೆ ಉಲ್ಟಾ: ಕಣ್ಣಿಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಅರೆಹಸಿ ಬಣ್ಣದ ಮೇಲೆ ನೀರು ಬಿದ್ದರೆ ಹೂಕೋಸಿನಂಥ ಕಲೆ ಏಳುತ್ತದೆ. ಬೆರಳ ಹಿಂಭಾಗ ಮುಟ್ಟಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಕಾಯಬೇಕು.

ನೆರಳಿಗೆ ಕಪ್ಪು ಬಾಟಲಿ ತೆರೆಯಬೇಡಿ. ಕಪ್ಪು ಬೆರೆಸಿದ ಬಣ್ಣ ಮಸಿ ಬಳಿದಂತೆ ಸಾಯುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಕಂದು ಬೆರೆಸಿದರೆ ಜೀವವಿರುವ ಕತ್ತಲೆ ಸಿಗುತ್ತದೆ. ನೀಲಿ ಹೆಚ್ಚಾದರೆ ತಂಪು ನೆರಳು, ಕಂದು ಹೆಚ್ಚಾದರೆ ಬಿಸಿ ನೆರಳು.

ಈಗ ಸರೋವರ. ನೀರು ನೀಲಿ ಅಲ್ಲ. ಅದು ಆಕಾಶದ ಬಣ್ಣ ತೊಡುತ್ತದೆ. ಗದಗಿನ ಭೀಷ್ಮ ಕೆರೆ ಅಥವಾ ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ಹೊತ್ತು ಮುಳುಗುವ ಅರ್ಧ ಗಂಟೆ ಕುಳಿತರೆ ಇದು ಕಣ್ಣಿಗೆ ಬೀಳುತ್ತದೆ. ದೂರದ ನೀರು ಆಕಾಶದಷ್ಟೇ ಬೆಳಕು, ಕಾಲಡಿಯ ನೀರು ಕಪ್ಪು, ಏಕೆಂದರೆ ಹತ್ತಿರದ ನೀರಿನಲ್ಲಿ ನಾವು ಪ್ರತಿಬಿಂಬಕ್ಕಿಂತ ತಳವನ್ನೇ ಹೆಚ್ಚು ನೋಡುತ್ತೇವೆ. ಅಲೆಯ ಉಂಗುರವನ್ನು ದುಂಡಗೆ ಬರೆದರೆ ಕೆರೆ ಗೋಡೆಯಂತೆ ನಿಂತುಬಿಡುತ್ತದೆ. ಮೊಟ್ಟೆಯಾಕಾರದಲ್ಲಿ, ದೂರ ಹೋದಂತೆ ಇನ್ನಷ್ಟು ಚಪ್ಪಟೆಯಾಗಿ ಬರೆದರೆ ನೀರು ಮಲಗುತ್ತದೆ.

ಬೆವರಿನ ಮಾತೇನು? ಅದನ್ನು ನೇರವಾಗಿ ಬರೆಯಲಾಗದು, ಸುತ್ತಿನಿಂದ ಹೇಳಬಹುದು. ತಣ್ಣನೆಯ ನೀಲಿ-ಕಂದು ನೀರಿನ ನಡುವೆ ದುರ್ಯೋಧನನ ಮುಖ, ಎದೆಗೆ ಮಾತ್ರ ಬಿಸಿ ಕೆಂಪು. ಅವನ ಮೈ ಸುತ್ತ ತೆಳುವಾದ ಬಿಳಿಯ ಆವಿ. ದೂರ ಸರಿಯುವ ಮೀನುಗಳು. ಉಳಿದದ್ದು ಮಾತಿನ ಪಾಲು.

ವರ್ಣನೆ: ಕತೆ ಹೇಳದೆ ಕಾಣಿಸುವುದು

ಚಿತ್ರ ಮುಗಿದ ಮೇಲೆ ಅದರ ಮುಂದೆ ಕುಳಿತು ಹತ್ತು ನಿಮಿಷ ಬರೀ ನಾಮಪದಗಳ ಪಟ್ಟಿ ಮಾಡಿ. ನೀರು, ಜೊಂಡು, ಗದೆ, ತೋಳಬಂದಿ, ಒದ್ದೆ ಕೂದಲು, ಹೆಜ್ಜೆಗುರುತು. ಇಪ್ಪತ್ತು ಬರುವವರೆಗೂ ನಿಲ್ಲಬೇಡಿ. ಮೊದಲ ಹತ್ತು ಎಲ್ಲರಿಗೂ ಕಾಣುವವು. ನಿಮ್ಮ ವರ್ಣನೆಯ ಜೀವ ಕೊನೆಯ ಐದರಲ್ಲಿರುತ್ತದೆ. ಆಮೇಲೆ ಕಣ್ಣು ಯಾವ ದಾರಿಯಲ್ಲಿ ನಡೆಯಬೇಕೆಂದು ನಿರ್ಧರಿಸಿ: ದೂರದಿಂದ ಹತ್ತಿರಕ್ಕೋ, ಅಂಚಿನಿಂದ ನಡುವಿಗೋ, ಮುಖದಿಂದ ಕೆಳಗೋ. ಹಿಡಿದ ದಾರಿಯನ್ನು ನಡುವೆ ಬಿಟ್ಟರೆ ಓದುವವರ ಕಣ್ಣು ದಿಕ್ಕು ತಪ್ಪುತ್ತದೆ.

ಸಾಮಾನ್ಯವಾಗಿ ಬರುವ ಬರಹ ಹೀಗಿರುತ್ತದೆ:

‘ಈ ಚಿತ್ರದಲ್ಲಿ ಒಂದು ಸುಂದರವಾದ ಸರೋವರವಿದೆ. ಸರೋವರದಲ್ಲಿ ದುರ್ಯೋಧನನು ಇದ್ದಾನೆ. ಅವನು ತುಂಬಾ ಕೋಪಗೊಂಡಿದ್ದಾನೆ. ದಡದಲ್ಲಿ ಭೀಮನು ನಿಂತಿದ್ದಾನೆ. ಭೀಮನೂ ತುಂಬಾ ಕೋಪಗೊಂಡಿದ್ದಾನೆ. ಆಕಾಶವು ಮನೋಹರವಾಗಿದೆ.’

ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೂ ಏನೂ ಕಾಣುವುದಿಲ್ಲ. ‘ಸುಂದರ’, ‘ಮನೋಹರ’ ಎಂಬವು ನೋಡಿದವರ ತೀರ್ಪು, ನೋಟವಲ್ಲ. ‘ಕೋಪಗೊಂಡಿದ್ದಾನೆ’ ಎಂಬುದು ಒಳಗಿನ ಸ್ಥಿತಿಯ ಹೆಸರು. ಆ ಹೆಸರಿನ ಬದಲು ಮೈ ಏನು ಮಾಡುತ್ತಿದೆ ಎಂದು ಬರೆದರೆ ಕೋಪ ತಾನಾಗಿ ತಿಳಿಯುತ್ತದೆ. ಅದೇ ಚಿತ್ರ, ಇನ್ನೊಮ್ಮೆ:

‘ಹೊತ್ತು ಮುಳುಗಿ ಆಕಾಶದ ಅಂಚಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಕೆಂಪಷ್ಟೇ ಉಳಿದಿದೆ. ಆ ಕೆಂಪು ಕೆರೆಗೂ ಇಳಿದು, ದಂಡೆಗೆ ಬರುತ್ತ ಬರುತ್ತ ಕಪ್ಪಾಗಿದೆ. ಕಪ್ಪಿನ ನಡುವೆ ಎದೆಮಟ್ಟ ಎದ್ದ ಒಬ್ಬ ಗಂಡಸು. ಕಿರೀಟವಿಲ್ಲ, ಕೂದಲು ಹೆಗಲಿಗೆ ಅಂಟಿದೆ. ಹೆಗಲ ಮೇಲಿನ ಗದೆಯಿಂದ ನೀರು ಎಳೆಎಳೆಯಾಗಿ ಸೋರುತ್ತಿದೆ. ಅವನು ಎದ್ದ ರಭಸಕ್ಕೆ ಹುಟ್ಟಿದ ಅಲೆ ಉಂಗುರ ಉಂಗುರವಾಗಿ ಹರಡಿ, ದಂಡೆಯಲ್ಲಿ ನಿಂತವನ ಹೆಬ್ಬೆರಳನ್ನು ಮುಟ್ಟಿದೆ. ನಿಂತವನು ಕಾಲು ಹಿಂದೆ ತೆಗೆದಿಲ್ಲ.’

ಇಲ್ಲಿ ದುರ್ಯೋಧನ, ಭೀಮ ಎಂಬ ಹೆಸರುಗಳೇ ಬಂದಿಲ್ಲ. ಮೊದಲು ಕಣ್ಣಿಗೆ ಕಾಣಲಿ, ಹೆಸರು ಆಮೇಲೆ ಬರಲಿ. ಕಣ್ಣು ಆಕಾಶದಿಂದ ನೀರಿಗೆ, ನೀರಿನಿಂದ ಮನುಷ್ಯನಿಗೆ, ಅಲೆಯ ಬೆನ್ನು ಹತ್ತಿ ಇನ್ನೊಬ್ಬನಿಗೆ ಹೋಗುತ್ತದೆ. ಅಲೆಯೇ ಇಬ್ಬರನ್ನೂ ಜೋಡಿಸಿದ ಗೆರೆ. ಚಿತ್ರದಲ್ಲಿ ಅದು ನಿಂತೇ ಇರುತ್ತದೆ; ಮಾತಿನಲ್ಲಿ ಅದು ಚಲಿಸಿತು.

ಹೋಲಿಕೆಯ ವಿಚಾರ. ಕನ್ನಡ ಬಣ್ಣಗಳನ್ನು ವಸ್ತುವಿನ ಹೆಸರಿನಿಂದ ಕರೆಯುವುದರಲ್ಲಿ ಶ್ರೀಮಂತ. ಗಿಣಿಹಸಿರು, ಬದನೆಕಾಯಿ ಬಣ್ಣ, ಇಟ್ಟಂಗಿ ಕೆಂಪು, ಉಳ್ಳಾಗಡ್ಡಿ ಪೊರೆಯ ಬಣ್ಣ, ಎರೆಮಣ್ಣಿನ ಕಪ್ಪು. ‘ಗಾಢ ಕೆಂಪು’ ಎನ್ನುವುದಕ್ಕಿಂತ ಇವು ಚುರುಕು. ಆದರೆ ಒಂದು ಪ್ಯಾರಾಕ್ಕೆ ಒಂದೇ ಹೋಲಿಕೆ ಸಾಕು. ಎರಡನೆಯದು ಬಂದರೆ ಮೊದಲಿನದರ ಬಣ್ಣ ಮಾಸುತ್ತದೆ. ಉಳಿದ ಕಡೆ ಇದ್ದದ್ದನ್ನು ಇದ್ದಂತೆ ಹೇಳಿ. ಅಲಂಕಾರಶಾಸ್ತ್ರದಲ್ಲಿ ಅದಕ್ಕೂ ಸ್ವಭಾವೋಕ್ತಿ ಎಂಬ ಗೌರವದ ಸ್ಥಾನವಿದೆ. ಸಾಲುಸಾಲು ರೂಪಕಗಳನ್ನು ಕಟ್ಟಿದ, ಕೋಳಿವಾಡದಲ್ಲಿ ಹುಟ್ಟಿ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಬರೆದ ಕುಮಾರವ್ಯಾಸನ ಉದಾಹರಣೆ ಕೊಟ್ಟು ವಾದಿಸುವವರಿರಬಹುದು. ಅವನಿಗೆ ಭಾಮಿನಿ ಷಟ್ಪದಿಯ ಓಟವಿತ್ತು, ರೂಪಕಗಳು ಆ ಓಟದ ಮೇಲೆ ತೇಲುತ್ತವೆ. ಗದ್ಯದಲ್ಲಿ ಅವು ಮುಳುಗುತ್ತವೆ.

ಮುನ್ನೂರು ಪದಗಳಿದ್ದರೆ ಸುಮಾರು ಅರವತ್ತು ಪದ ಜಾಗಕ್ಕೆ, ನೂರಿಪ್ಪತ್ತು ಆಕೃತಿಗಳಿಗೆ, ಅರವತ್ತು ಆ ಗಳಿಗೆಯ ಚಲನೆಗೆ. ಉಳಿದ ಅರವತ್ತನ್ನು ಚಿತ್ರಕ್ಕೆ ಆಗದ್ದಕ್ಕೆ ಮೀಸಲಿಡಿ: ದನಿ, ವಾಸನೆ, ನೀರಿನ ತಂಪು, ಹಿಂದಿನ ನೆನಪು. ಭೀಮನ ಕೂಗು ನೀರಿನೊಳಗೆ ಹೇಗೆ ಕೇಳಿಸಿತು ಎಂಬುದನ್ನು ಯಾವ ಕುಂಚವೂ ಬರೆಯಲಾರದು, ಒಂದು ವಾಕ್ಯ ಬರೆಯುತ್ತದೆ. ಹಿಂದಿನ ಕತೆ ಬೇಕಾದರೆ ಇಲ್ಲಿ ಒಂದೆರಡು ಸಾಲಿನಲ್ಲಿ ತಿರುಗಿ ನೋಡಬಹುದು. ರನ್ನ ತನ್ನ ಇಡೀ ಕಾವ್ಯವನ್ನು ಕಟ್ಟಿದ್ದೇ ಸಿಂಹಾವಲೋಕನ ಕ್ರಮದಲ್ಲಿ: ಯುದ್ಧದ ಕೊನೆಯಲ್ಲಿ ನಿಂತು, ಸಿಂಹ ಕತ್ತು ಹೊರಳಿಸಿ ನೋಡುವಂತೆ, ಹಿಂದೆ ಆದದ್ದನ್ನೆಲ್ಲ ಅಲ್ಲಲ್ಲಿ ತಂದ. ‘ಒಂದಾನೊಂದು ಕಾಲದಲ್ಲಿ’ ಎಂದು ಶುರುಮಾಡಬೇಕಾದ ಅಗತ್ಯವೇ ಇಲ್ಲ.

ಸರಿಯಾಗಿದೆಯೇ ಎಂದು ನೋಡುವುದು

ಚಿತ್ರವನ್ನು ನೋಡಿಲ್ಲದ ಒಬ್ಬರಿಗೆ, ಮನೆಯಲ್ಲಿ ಅಜ್ಜಿಯೋ ತಮ್ಮನೋ ಇರಲಿ, ನಿಮ್ಮ ವರ್ಣನೆಯನ್ನು ನಿಧಾನಕ್ಕೆ ಎರಡು ಸಲ ಓದಿ ಹೇಳಿ. ಅವರ ಕೈಗೆ ಪೆನ್ಸಿಲ್ ಕೊಟ್ಟು ಕೇಳಿದ್ದನ್ನು ಗೀಚಲು ಹೇಳಿ. ಚೆನ್ನಾಗಿ ಬರಬೇಕಿಲ್ಲ, ಯಾವುದು ಎಲ್ಲಿದೆ ಎಂದು ತೋರಿಸಿದರೆ ಸಾಕು. ಆಮೇಲೆ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಡಿ. ಅವರು ದುರ್ಯೋಧನನನ್ನು ದಂಡೆಯ ಮೇಲೆ ನಿಲ್ಲಿಸಿದ್ದರೆ, ನೀರಿನ ಗೆರೆ ಅವನ ಎದೆಯ ಮೇಲಿದೆ ಎಂಬ ಮಾತು ನಿಮ್ಮ ಬರಹದಲ್ಲಿ ಬಿಟ್ಟುಹೋಗಿದೆ. ಇಬ್ಬರೂ ಒಂದೇ ಕಡೆ ಮುಖ ಮಾಡಿದ್ದರೆ, ಯಾರ ಕಣ್ಣು ಯಾರ ಮೇಲಿದೆ ಎಂದು ನೀವು ಹೇಳಿಲ್ಲ. ಆಕಾಶವನ್ನು ಖಾಲಿ ಬಿಟ್ಟಿದ್ದರೆ, ನಿಮ್ಮ ‘ಮನೋಹರ’ ಎಂಬ ಪದ ಇನ್ನೂ ಎಲ್ಲೋ ಉಳಿದುಕೊಂಡಿದೆ. ಅದನ್ನು ಹುಡುಕಿ ಹೊಡೆದುಹಾಕಿ, ಆ ಜಾಗದಲ್ಲಿ ಒಂದು ಬಣ್ಣದ ಹೆಸರು ಬರೆಯಿರಿ.